ಆಜೀವ ಔಷಧಿ, ವಾರ್ಷಿಕ ನಿಧಿ: ಎಚ್.ಐ.ವಿ. ಚಿಕಿತ್ಸೆಗೆ ದೊರೆತ ಧನಸಹಾಯದ ಇತಿಹಾಸ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಹಿಂದೆ ಕೇದಾರೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಕೋಡಿಯ ಮಠವೆಂಬ ಪ್ರಸಿದ್ಧ ಸಂಸ್ಥೆಯಿತ್ತು. 1162ರ ಶಾಸನವೊಂದು ಅದನ್ನು ವಿದ್ಯಾಸ್ಥಾನವೆಂದೂ ಅನ್ನದಾನದ ಸ್ಥಾನವೆಂದೂ ವರ್ಣಿಸುವುದರೊಡನೆ, ದೀನರೂ ಅನಾಥರೂ ಆದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಇಂಥ ಶಾಸನಗಳನ್ನು ಓದುವಾಗ ನಮ್ಮ ವಿದ್ವಾಂಸರ ದೃಷ್ಟಿ ಸಹಜವಾಗಿಯೇ ದಾನಿಯ ವಂಶ, ಕಾಲ, ಲಿಪಿ, ಭಾಷೆಗಳ ಕಡೆಗೆ ಹರಿಯುತ್ತದೆ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ಪ್ರಸ್ತುತ ಲೇಖಕನಿಗೆ ಅವುಗಳಲ್ಲಿ ಇನ್ನೊಂದು ಅಂಶವೂ ಎದ್ದು ಕಾಣುತ್ತದೆ. ನಮ್ಮ ಹಿಂದಿನ ದಾನಿಗಳು ಸಾಮಾನ್ಯವಾಗಿ ಕೊಟ್ಟದ್ದು ಒಂದು ವರ್ಷದ ಖರ್ಚಿನ ಹಣವನ್ನಲ್ಲ. ವರ್ಷವರ್ಷವೂ ಫಲಿಸುವ ಭೂಮಿಯನ್ನು. ದಾನವು ಆಚಂದ್ರಾರ್ಕವಾಗಿ ನಡೆಯಲೆಂಬ ಮಾತು ಬರಿಯ ಭಕ್ತಿಯ ಉದ್ಗಾರವಲ್ಲ. ಅದರಲ್ಲಿ ಲೆಕ್ಕವೂ ಅಡಗಿದೆ. ನಿತ್ಯವೂ ನಡೆಯಬೇಕಾದ ಸೇವೆಗೆ ನಿತ್ಯವೂ ಹುಟ್ಟುವ ಆದಾಯ ಬೇಕೆಂಬುದು ಆ ಲೆಕ್ಕ.

ಈ ಹಳೆಯ ವಿವೇಕವನ್ನು ಇಲ್ಲಿ ಸ್ಮರಿಸಲು ಕಾರಣವುಂಟು. ಎಚ್.ಐ.ವಿ. ಸೋಂಕಿಗೆ ಇಂದು ಪರಿಣಾಮಕಾರಿಯಾದ ಔಷಧಿಗಳಿವೆ. ಆದರೆ ಅವು ರೋಗಾಣುವನ್ನು ದೇಹದಿಂದ ನಿರ್ಮೂಲಗೊಳಿಸುವುದಿಲ್ಲ, ಅಡಗಿಸಿ ಇಡುತ್ತವೆ ಅಷ್ಟೆ. ಆದುದರಿಂದ ಒಮ್ಮೆ ಆರಂಭಿಸಿದ ಔಷಧಿಯನ್ನು ಬದುಕಿರುವವರೆಗೆ ಪ್ರತಿದಿನವೂ ಸೇವಿಸಬೇಕು. ನಡುವೆ ತಪ್ಪಿದರೆ ರೋಗಾಣು ಮತ್ತೆ ತಲೆಯೆತ್ತುತ್ತದೆ. ಎಷ್ಟೋ ವೇಳೆ ಆ ಔಷಧಿಗೆ ಬಗ್ಗದಂಥ ರೂಪವನ್ನೂ ತಳೆಯುತ್ತದೆ. ಹೀಗೆ ಆಜೀವವಾದ ಈ ಖರ್ಚನ್ನು ತೆರಲಾರದವರಿಗೆ ಸಮಾಜವು ಯಾವ ರೀತಿಯಲ್ಲಿ ನೆರವಾಯಿತು, ಆ ನೆರವು ಎಲ್ಲಿ ಸಾಲದೆ ಹೋಯಿತು ಎಂಬುದನ್ನು ಮುಖ್ಯವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮತ್ತು ನಮ್ಮ ದೇಶದ ಅನುಭವಗಳಿಂದ ತಿಳಿಯುವುದೇ ಈ ಲೇಖನದ ಉದ್ದೇಶ.

1. ಔಷಧಿಯೂ ಅದರ ಬೆಲೆಯೂ

1981ರ ಜೂನ್ 5ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ತರುಣರಿಗೆ ತಗಲಿದ ಒಂದು ಅಪೂರ್ವ ಬಗೆಯ ಶ್ವಾಸಕೋಶದ ರೋಗದ ವರದಿ ಪ್ರಕಟವಾಯಿತು. ಮುಂದೆ ಏಡ್ಸ್ ಎಂದು ಹೆಸರಾದ ರೋಗದ ಪ್ರಥಮ ವೈದ್ಯಕೀಯ ದಾಖಲೆ ಇದೇ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅದಕ್ಕೆ ಕಾರಣವಾದ ವೈರಸ್ಸನ್ನು ಗುರುತಿಸಲಾಯಿತು.

ಔಷಧಿಯ ಕಥೆ ಇದಕ್ಕಿಂತ ಹಳೆಯದು. ಡೆಟ್ರಾಯಿಟಿನ ವಿಜ್ಞಾನಿ ಜೆರೋಮ್ ಹಾರ್ವಿಟ್ಜ್ ಅವರು 1964ರಲ್ಲಿ ಅರ್ಬುದರೋಗಕ್ಕೆಂದು ಒಂದು ಸಂಯುಕ್ತವಸ್ತುವನ್ನು ಸಿದ್ಧಪಡಿಸಿದ್ದರು. ಆ ಸಂಶೋಧನೆಗೆ ಅಮೆರಿಕದ ಸರ್ಕಾರದ ಅನುದಾನವಿತ್ತು. ಅರ್ಬುದಕ್ಕೆ ಅದು ಪ್ರಯೋಜನವಾಗಲಿಲ್ಲ. ಅವರು ಅದಕ್ಕೆ ಪೇಟೆಂಟನ್ನೂ ಪಡೆಯಲಿಲ್ಲ. ಇಪ್ಪತ್ತು ವರ್ಷಗಳ ಅನಂತರ ಬರೋಸ್ ವೆಲ್‌ಕಂ ಕಂಪನಿ ಅದೇ ವಸ್ತುವನ್ನು ಪರೀಕ್ಷೆಗೆ ಕಳಿಸಿತು. ಅದು ವೈರಸ್ಸನ್ನು ತಡೆಯುತ್ತದೆಂಬುದನ್ನು ಸರ್ಕಾರದ್ದೇ ಆದ ರಾಷ್ಟ್ರೀಯ ಅರ್ಬುದ ಸಂಸ್ಥೆಯ ಸ್ಯಾಮ್ಯುಯೆಲ್ ಬ್ರೋಡರ್, ಹಿರೋಆಕಿ ಮಿತ್ಸುಯಾ ಮೊದಲಾದವರು 1985ರಲ್ಲಿ ಕಂಡುಕೊಂಡರು. ಏಡ್ಸ್ ರೋಗದಲ್ಲಿ ಅದನ್ನು ಬಳಸುವ ಹಕ್ಕು ಮಾತ್ರ ಕಂಪನಿಯ ಪಾಲಾಯಿತು. 1987ರ ಮಾರ್ಚ್ 19ರಂದು ಎ.ಝಡ್.ಟಿ. ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಔಷಧಿಗೆ ಮಾರಾಟದ ಅನುಮತಿ ದೊರೆಯಿತು.

ಒಬ್ಬ ರೋಗಿಗೆ ವರ್ಷಕ್ಕೆ ತಗಲುತ್ತಿದ್ದ ವೆಚ್ಚ ಎಂಟರಿಂದ ಹತ್ತು ಸಾವಿರ ಡಾಲರುಗಳು. ಅಷ್ಟು ಬೆಲೆಯ ಔಷಧಿ ಆ ದೇಶದಲ್ಲಿ ಆಗ ಅಪರೂಪ. ಸಾರ್ವಜನಿಕ ಆಕ್ರೋಶದ ಪರಿಣಾಮವಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಬೆಲೆ ಇಳಿಯಿತು. 1989ರ ಸೆಪ್ಟೆಂಬರ್ 14ರಂದು ಆಕ್ಟ್ ಅಪ್ ಎಂಬ ಸಂಘಟನೆಯ ಕೆಲವರು ನ್ಯೂಯಾರ್ಕಿನ ಷೇರುಪೇಟೆಯ ಒಳಕ್ಕೇ ನುಗ್ಗಿ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಮತ್ತೆ ಅಷ್ಟೇ ಪ್ರಮಾಣದಲ್ಲಿ ಬೆಲೆ ತಗ್ಗಿತು. ಬೆಲೆಯೆಂಬುದು ತಯಾರಿಕೆಯ ಖರ್ಚಿನಿಂದ ಮಾತ್ರ ನಿರ್ಧಾರವಾಗುವ ಅಂಕಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

2. ಸಹಾಯದ ಆರಂಭ

ಆಗ ಅಮೆರಿಕದ ರೋಗಿಯ ಮುಂದಿದ್ದ ದಾರಿಗಳು ಮೂರು. ಉದ್ಯೋಗದ ಮೂಲಕ ದೊರೆತ ಖಾಸಗಿ ವಿಮೆ ಮೊದಲನೆಯದು. ರೋಗದಿಂದ ಕೆಲಸ ಹೋದರೆ ಕಾಲಕ್ರಮದಲ್ಲಿ ವಿಮೆಯೂ ಹೋಗುತ್ತಿತ್ತು. ಎರಡನೆಯದು ಬಡವರಿಗಾಗಿ ಸರ್ಕಾರ ನಡೆಸುವ ಮೆಡಿಕೈಡ್ ಯೋಜನೆ. ಅದಕ್ಕೆ ಬಡತನವೊಂದೇ ಸಾಲದು. ಮಕ್ಕಳಿಲ್ಲದ ವಯಸ್ಕನಾದರೆ ಅಂಗವಿಕಲನೋ ಅಶಕ್ತನೋ ಎಂದು ಪರಿಗಣಿತನಾಗಿರಬೇಕಾಗಿತ್ತು. ಇದರ ಅರ್ಥವನ್ನು ವಾಚಕರು ಸ್ವಲ್ಪ ಆಲೋಚಿಸಬೇಕು. ಅಶಕ್ತತೆಯನ್ನು ತಡೆಯಬಲ್ಲ ಔಷಧಿ ಬೇಕಾದರೆ ಮೊದಲು ಅಶಕ್ತನಾಗಬೇಕು! ಮೂರನೆಯ ದಾರಿ ಸ್ವಂತ ಹಣ. ಅದು ಎಷ್ಟು ಮಂದಿಗೆ ಎಷ್ಟು ದಿನ ಬಂದೀತು?

ಈ ಅಂತರವನ್ನು ತುಂಬಲೆಂದು ಅಮೆರಿಕದ ಕಾಂಗ್ರೆಸ್ಸು 1987ರಲ್ಲಿ ಮೂರು ಕೋಟಿ ಡಾಲರುಗಳನ್ನು ಮಂಜೂರು ಮಾಡಿ, ಎ.ಝಡ್.ಟಿ. ಕೊಳ್ಳಲಾರದವರ ಪರವಾಗಿ ಅದನ್ನು ಕೊಳ್ಳಲು ಸಂಸ್ಥಾನಗಳಿಗೆ ಹಂಚಿತು. ಔಷಧ ಸಹಾಯ ಯೋಜನೆಗಳ ಮೂಲ ಇದು. ತುರ್ತಿನ ಕ್ರಮವಾಗಿ ಹುಟ್ಟಿದ ಈ ವ್ಯವಸ್ಥೆಗೆ ಶಾಶ್ವತವಾದ ಆಧಾರ ಆಗ ಇರಲಿಲ್ಲ.

ಆ ಆಧಾರ ಬಂದದ್ದು ಒಬ್ಬ ಹುಡುಗನ ಹೆಸರಿನಲ್ಲಿ. ಇಂಡಿಯಾನಾ ಸಂಸ್ಥಾನದ ಕೊಕೊಮೊ ಎಂಬ ಊರಿನ ರಯಾನ್ ವೈಟ್ ಹುಟ್ಟಿನಿಂದ ರಕ್ತ ಹೆಪ್ಪುಗಟ್ಟದ ರೋಗಕ್ಕೆ ತುತ್ತಾಗಿದ್ದವನು. ಆ ರೋಗದ ಚಿಕಿತ್ಸೆಗೆಂದು ಕೊಟ್ಟ ರಕ್ತಜನ್ಯ ಔಷಧಿಯಿಂದಲೇ ಅವನಿಗೆ ಎಚ್.ಐ.ವಿ. ತಗಲಿತು. 1984ರ ಡಿಸೆಂಬರಿನಲ್ಲಿ ಅದು ತಿಳಿದಾಗ ಅವನಿಗೆ ಹದಿಮೂರು ವರ್ಷ. ಶಾಲೆಗೆ ಸೇರಿಸಿಕೊಳ್ಳಲು ಊರಿನವರು ಒಪ್ಪದಿದ್ದಾಗ ಅವನ ಕುಟುಂಬ ನ್ಯಾಯಾಲಯದ ಮೆಟ್ಟಿಲೇರಿತು. ದೇಶವೆಲ್ಲ ಆ ಹುಡುಗನ ಮುಖವನ್ನು ಕಂಡಿತು. 1990ರ ಏಪ್ರಿಲ್ 8ರಂದು ಅವನು ತೀರಿಕೊಂಡನು. ಅದೇ ವರ್ಷದ ಆಗಸ್ಟ್ 18ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅವರು ಅವನ ಹೆಸರಿನ ಶಾಸನಕ್ಕೆ ಅಂಕಿತ ಹಾಕಿದರು. ಔಷಧ ಸಹಾಯ ಯೋಜನೆಗಳು ಆ ಶಾಸನದ ಅಂಗವಾದವು.

ಒಂದು ಮಾತನ್ನು ಇಲ್ಲಿ ಹೇಳದಿರಲಾಗದು. ಏಡ್ಸಿನಿಂದ ಅಷ್ಟರೊಳಗೆ ಸಹಸ್ರಾರು ಜನ ಸತ್ತಿದ್ದರು. ಲೋಕವು ನಿರ್ದೋಷಿಯೆಂದು ಒಪ್ಪಿದ ಒಬ್ಬ ಬಾಲಕನ ಮರಣವೇ ಶಾಸನವನ್ನು ಹುಟ್ಟಿಸಬೇಕಾಯಿತು. ಸಹಾಯ ಪಡೆಯುವವನು ಸಹಾಯಕ್ಕೆ ಯೋಗ್ಯನೇ ಎಂಬ ಪ್ರಶ್ನೆ ಈ ರೋಗದ ಇತಿಹಾಸದುದ್ದಕ್ಕೂ ಹಣದ ಪ್ರಶ್ನೆಯ ಜೊತೆಯಲ್ಲೇ ನಡೆದು ಬಂದಿದೆ.

3. ಅರ್ಜಿಯೂ ಸರದಿಯೂ

ರಯಾನ್ ವೈಟ್ ಶಾಸನದ ಸಹಾಯಕ್ಕೆ ಎರಡು ಲಕ್ಷಣಗಳಿವೆ. ಬೇರೆ ಯಾರೂ ಹಣ ತೆರದಿದ್ದಾಗ ಮಾತ್ರ ಅದು ತೆರುತ್ತದೆ. ವಿಮೆ, ಮೆಡಿಕೈಡ್ ಮುಂತಾದ ಬಾಗಿಲುಗಳನ್ನೆಲ್ಲ ತಟ್ಟಿದ ಮೇಲೆಯೇ ಅದರ ಬಾಗಿಲು ತೆರೆಯುವುದು. ಇದು ಮೊದಲನೆಯದು. ಮೆಡಿಕೈಡ್ ಅರ್ಹತೆಯುಳ್ಳ ಪ್ರತಿಯೊಬ್ಬನಿಗೂ ಹಕ್ಕಾಗಿ ಸಲ್ಲುವಂಥದು. ಈ ಸಹಾಯವಾದರೋ ಕಾಂಗ್ರೆಸ್ಸು ವರ್ಷವರ್ಷವೂ ಮಂಜೂರು ಮಾಡುವ ನಿಗದಿಯಾದ ಮೊಬಲಗು. ಇದು ಎರಡನೆಯ ಲಕ್ಷಣ. ನಮ್ಮ ವಿಷಯದ ಮರ್ಮವೆಲ್ಲ ಇದರಲ್ಲೇ ಇದೆ.

ಸಹಾಯ ಬೇಡುವವನು ತಾನು ಆ ಸಂಸ್ಥಾನದ ನಿವಾಸಿಯೆಂಬುದಕ್ಕೂ, ತನ್ನ ಆದಾಯ ಗೊತ್ತಾದ ಮಿತಿಯೊಳಗಿದೆಯೆಂಬುದಕ್ಕೂ, ತನಗೆ ಸೋಂಕಿರುವುದಕ್ಕೂ ಪುರಾವೆ ಒದಗಿಸಬೇಕು. ಆದಾಯದ ಮಿತಿಯನ್ನೂ ಕೊಡಬೇಕಾದ ಔಷಧಿಗಳ ಪಟ್ಟಿಯನ್ನೂ ಆಯಾ ಸಂಸ್ಥಾನವೇ ಗೊತ್ತುಮಾಡುತ್ತದೆ. ಆದುದರಿಂದ ಗಡಿಯ ಈಚೆ ಸಹಾಯಕ್ಕೆ ಅರ್ಹನಾದವನು ಆಚೆ ಅನರ್ಹನಾಗುವುದು ಸಾಧ್ಯ. ಬಹುಕಾಲ ಪ್ರತಿ ಆರು ತಿಂಗಳಿಗೊಮ್ಮೆ ಈ ಪುರಾವೆಗಳನ್ನು ಮತ್ತೆ ಒಪ್ಪಿಸಬೇಕೆಂಬ ನಿಯಮವಿತ್ತು. 2021ರಲ್ಲಿ ಅದನ್ನು ಸಡಿಲಿಸಿದರು. ಕಾಗದವೊಂದು ತಪ್ಪಿದ್ದರಿಂದ ಔಷಧಿಯೂ ತಪ್ಪಬಹುದಾದ ವ್ಯವಸ್ಥೆಯಲ್ಲಿ ಇದೇನೂ ಅಲ್ಪವಾದ ಮಾರ್ಪಾಟಲ್ಲ.

1995ರ ಕೊನೆಯಲ್ಲಿ ಹೊಸ ವರ್ಗದ ಔಷಧಿಗಳು ಬಂದವು. ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ಮರಣವನ್ನು ಬಹುಕಾಲ ಮುಂದೂಡಬಹುದೆಂಬುದು 1996ರ ವ್ಯಾಂಕೂವರ್ ಸಮ್ಮೇಳನದ ವೇಳೆಗೆ ಸ್ಪಷ್ಟವಾಯಿತು. ಹಾಸಿಗೆ ಹಿಡಿದಿದ್ದವರು ಎದ್ದು ಕೆಲಸಕ್ಕೆ ಹೋದರು. ಆದರೆ ವೆಚ್ಚ ವರ್ಷಕ್ಕೆ ಹತ್ತರಿಂದ ಹದಿನೈದು ಸಾವಿರ ಡಾಲರಿಗೆ ಏರಿತು. ಇಲ್ಲಿಯೇ ಲೆಕ್ಕದ ವಿಪರ್ಯಾಸ ಕಾಣುತ್ತದೆ. ರೋಗಿ ಬದುಕಿ ಉಳಿದಂತೆಲ್ಲ ನಿಧಿಯ ಮೇಲಿನ ಹೊಣೆ ಬೆಳೆಯುತ್ತದೆ. ಯೋಜನೆ ಸಫಲವಾದಷ್ಟೂ ಅದರ ಹಣ ಸಾಲದಾಗುತ್ತದೆ. 1996ರಲ್ಲಿ ಈ ಬಾಬಿಗೆಂದೇ ಕೇಂದ್ರ ಸರ್ಕಾರ ಮೀಸಲಿಟ್ಟ ಮೊಬಲಗು 5.2 ಕೋಟಿ ಡಾಲರು. 2016ರ ಹೊತ್ತಿಗೆ ಅದು ಸುಮಾರು 90 ಕೋಟಿಯಾಗಿತ್ತು. ಬೆಲೆಯನ್ನು ತಗ್ಗಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1992ರ ಶಾಸನವೊಂದು ಇಂಥ ಯೋಜನೆಗಳಿಗೆ ಕಂಪನಿಗಳು ರಿಯಾಯಿತಿ ಕೊಡುವಂತೆ ವಿಧಿಸಿತು. ಸಂಸ್ಥಾನಗಳು ಒಟ್ಟುಗೂಡಿ ಕಂಪನಿಗಳೊಡನೆ ಚೌಕಾಸಿಯನ್ನೂ ನಡೆಸಿದವು. ಆದರೂ ಮೂಲಬೆಲೆಯ ಎತ್ತರ ಹಾಗೆಯೇ ಉಳಿಯಿತು.

ಅಲ್ಪಾವಧಿಯ ಠೇವಣಿಯನ್ನು ನೆಚ್ಚಿ ದೀರ್ಘಾವಧಿಯ ಹೊಣೆ ಹೊತ್ತ ಬ್ಯಾಂಕು ಒಂದಲ್ಲ ಒಂದು ದಿನ ತನ್ನ ಬಾಗಿಲ ಮುಂದೆ ಜನರ ಸಾಲನ್ನು ಕಾಣಬೇಕಾಗುತ್ತದೆ. ಔಷಧ ಸಹಾಯ ಯೋಜನೆಗಳೂ ಆ ಸಾಲನ್ನು ಕಂಡವು. ನಿಧಿ ಮುಗಿದ ಸಂಸ್ಥಾನಗಳು ಆದಾಯದ ಮಿತಿಯನ್ನು ತಗ್ಗಿಸಿದವು, ಔಷಧಿಗಳ ಪಟ್ಟಿಯನ್ನು ಕಿರಿದು ಮಾಡಿದವು, ಕಡೆಗೆ ಹೊಸ ಅರ್ಜಿದಾರರನ್ನು ಸರದಿಯ ಪಟ್ಟಿಯಲ್ಲಿ ನಿಲ್ಲಿಸಿದವು. 2008ರ ಆರ್ಥಿಕ ಕುಸಿತದಲ್ಲಿ ಕೆಲಸವನ್ನೂ ವಿಮೆಯನ್ನೂ ಒಟ್ಟಿಗೇ ಕಳೆದುಕೊಂಡವರು ಈ ಬಾಗಿಲಿಗೆ ಬಂದರು. ಅದೇ ವೇಳೆಗೆ ಸಂಸ್ಥಾನಗಳ ಬೊಕ್ಕಸವೂ ಬತ್ತಿತ್ತು. 2011ರ ಸೆಪ್ಟೆಂಬರಿನಲ್ಲಿ ಸರದಿಯಲ್ಲಿದ್ದವರ ಸಂಖ್ಯೆ ಒಂಬತ್ತು ಸಾವಿರವನ್ನು ದಾಟಿತು. ಅವರಲ್ಲಿ ಬಹುದೊಡ್ಡ ಪಾಲು ಫ್ಲಾರಿಡಾದವರು.

ಅದೇ 2011ರಲ್ಲಿ ಅಮೆರಿಕದ ಸರ್ಕಾರದ ಹಣದಿಂದಲೇ ಹಲವು ದೇಶಗಳಲ್ಲಿ ನಡೆದ ಪ್ರಸಿದ್ಧ ಅಧ್ಯಯನವೊಂದರ ಫಲಿತಾಂಶ ಪ್ರಕಟವಾಯಿತು. ಸೋಂಕುಳ್ಳವರಿಗೆ ಬೇಗನೆ ಚಿಕಿತ್ಸೆ ಕೊಟ್ಟರೆ ಅವರಿಂದ ಬಾಳಸಂಗಾತಿಗೆ ಸೋಂಕು ಹರಡುವುದು ನೂರಕ್ಕೆ 96ರಷ್ಟು ಕಡಿಮೆಯಾಗುತ್ತದೆಂದು ಅದು ತೋರಿಸಿತು. ಒಬ್ಬನ ಔಷಧಿ ಇನ್ನೊಬ್ಬನಿಗೆ ರಕ್ಷಣೆಯೆಂದು ವಿಜ್ಞಾನ ಸಾರಿದ ವರ್ಷದಲ್ಲೇ ಸಾವಿರಾರು ಮಂದಿ ಔಷಧಿಗಾಗಿ ಸಾಲಿನಲ್ಲಿ ನಿಂತಿದ್ದರು.

ಆ ಅವಧಿಯಲ್ಲಿ ಅನೇಕರನ್ನು ಕಾಪಾಡಿದ್ದು ಔಷಧ ಕಂಪನಿಗಳದ್ದೇ ಆದ ಸಹಾಯ ಯೋಜನೆಗಳು. ಈ ಯೋಜನೆಗಳಲ್ಲಿ ಎರಡು ಬಗೆ: ಗತಿಯಿಲ್ಲದವನಿಗೆ ಔಷಧಿಯನ್ನೇ ಉಚಿತವಾಗಿ ಕೊಡುವುದು ಒಂದು, ವಿಮೆಯುಳ್ಳವನು ಕೈಯಿಂದ ತೆರಬೇಕಾದ ಪಾಲನ್ನು ಕಂಪನಿಯೇ ತುಂಬಿಕೊಡುವುದು ಇನ್ನೊಂದು. ಸರ್ಕಾರಿ ವಿಮೆಯುಳ್ಳವರಿಗೆ ಎರಡನೆಯ ಬಗೆಯನ್ನು ಕಾನೂನು ನಿಷೇಧಿಸುತ್ತದೆ. ಏಕೆಂದರೆ ರೋಗಿಯ ಕೈಯಿಂದ ಹೋಗುವ ಚಿಕ್ಕ ಪಾಲನ್ನು ಮನ್ನಾ ಮಾಡಿ, ಬೊಕ್ಕಸದಿಂದ ಬರುವ ದೊಡ್ಡ ಪಾಲನ್ನು ಪಡೆಯುವುದು ಒಂದು ಬಗೆಯ ಆಮಿಷವೆಂಬುದು ಶಾಸನದ ದೃಷ್ಟಿ. ಸಹಾಯ ಪಡೆದ ರೋಗಿಯ ಕೃತಜ್ಞತೆ ಪ್ರಾಮಾಣಿಕವಾದದ್ದೇ. ಆದರೂ ಬೆಲೆಯನ್ನು ಏರಿಸಿದ ಕೈಯೇ ಸಹಾಯವನ್ನು ಚಾಚುವಾಗ ಲೆಕ್ಕದ ಎರಡೂ ಬದಿಗಳನ್ನು ನೋಡುವುದು ಇತಿಹಾಸಕಾರನ ಕರ್ತವ್ಯ. ಇರಲಿ. ಹೆಚ್ಚುವರಿ ಅನುದಾನ, ಕಂಪನಿಗಳ ರಿಯಾಯಿತಿ ಹಾಗೂ 2010ರ ಆರೋಗ್ಯ ವಿಮೆಯ ಸುಧಾರಣಾ ಶಾಸನ ಇವುಗಳ ಬಲದಿಂದ ಆ ಸರದಿ ಮುಂದಿನ ಎರಡು ಮೂರು ವರ್ಷಗಳಲ್ಲಿ ಬಹುಮಟ್ಟಿಗೆ ಕರಗಿತು. ಯೋಜನೆಗಳು ಔಷಧಿ ಕೊಳ್ಳುವುದರ ಜೊತೆಗೆ ರೋಗಿಯ ವಿಮೆಯ ಕಂತನ್ನು ಕಟ್ಟುವ ಪದ್ಧತಿಯೂ ಹೆಚ್ಚಾಯಿತು.

4. ಮುಂಬಯಿಯ ಮಾರ್ಗ

ಅಮೆರಿಕವು ಬೆಲೆಯನ್ನು ಹಾಗೆಯೇ ಬಿಟ್ಟು, ಅದನ್ನು ತೆರುವವರನ್ನು ಹುಡುಕಿತು. ಬೆಲೆಯನ್ನೇ ಇಳಿಸುವ ಇನ್ನೊಂದು ಮಾರ್ಗ ತೆರೆದದ್ದು ನಮ್ಮ ಮುಂಬಯಿಯಲ್ಲಿ.

ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಒಪ್ಪಿಸಿದ ವರದಿಯನ್ನು ಆಧರಿಸಿ 1970ರಲ್ಲಿ ಭಾರತದ ಪೇಟೆಂಟ್ ಶಾಸನ ರೂಪುಗೊಂಡು 1972ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ ಔಷಧಿಯೆಂಬ ವಸ್ತುವಿಗೆ ಏಕಸ್ವಾಮ್ಯವಿಲ್ಲ. ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಉಂಟು. ಬೇರೊಂದು ವಿಧಾನದಿಂದ ಅದೇ ಔಷಧಿಯನ್ನು ತಯಾರಿಸುವುದು ಇದರಿಂದ ಸಾಧ್ಯವಾಯಿತು. 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಅವರು ಮುಂಬಯಿಯಲ್ಲಿ ಸ್ಥಾಪಿಸಿದ ಸಿಪ್ಲಾ ಕಂಪನಿಯು ಹೈದರಾಬಾದಿನ ಸರ್ಕಾರಿ ರಸಾಯನ ಸಂಶೋಧನಾಲಯದ ನೆರವಿನಿಂದ 1990ರ ದಶಕದ ಆರಂಭದಲ್ಲಿ ಎ.ಝಡ್.ಟಿ. ತಯಾರಿಸಿ, ಪರದೇಶದ ಬೆಲೆಯ ಒಂದು ಅಲ್ಪಾಂಶಕ್ಕೆ ಮಾರಲು ತೊಡಗಿತು. ಆದರೆ ಕೊಳ್ಳುವವರೆಲ್ಲಿ? ಆ ಬೆಲೆಯೂ ನಮ್ಮ ಸಾಮಾನ್ಯ ರೋಗಿಗೆ ಎಟುಕದು. ಸರ್ಕಾರದ ಹಣವಾದರೋ ಆಗ ರೋಗದ ಪತ್ತೆಗೂ ತಡೆಗೂ ಮೀಸಲಾಗಿತ್ತೇ ಹೊರತು ಚಿಕಿತ್ಸೆಗಲ್ಲ. ತೆರುವವರಿದ್ದು ಬೆಲೆ ಇಳಿಯದಿದ್ದರೆ ಸರದಿ ಬೆಳೆಯುವುದನ್ನು ಅಮೆರಿಕದಲ್ಲಿ ನೋಡಿದೆವು. ಬೆಲೆ ಇಳಿದರೂ ತೆರುವವರಿಲ್ಲದಿದ್ದರೆ ಔಷಧಿ ಕಪಾಟಿನಲ್ಲೇ ಉಳಿಯುತ್ತದೆಂಬುದನ್ನು ಇಲ್ಲಿ ನೋಡುತ್ತೇವೆ.

2001ರ ಫೆಬ್ರವರಿಯಲ್ಲಿ ಸಿಪ್ಲಾದ ಮುಖ್ಯಸ್ಥ ಯೂಸುಫ್ ಹಮೀದ್ ಅವರು ಮೂರು ಔಷಧಿಗಳ ಸಂಯೋಗವನ್ನು ಗಡಿಗಳಾಚೆಯ ವೈದ್ಯರು ಎಂಬ ಸೇವಾಸಂಸ್ಥೆಗೆ ವರ್ಷಕ್ಕೆ ತಲಾ 350 ಡಾಲರಿನಂತೆ ಕೊಡುವುದಾಗಿ ಪ್ರಕಟಿಸಿದರು. ದಿನಕ್ಕೆ ಒಂದು ಡಾಲರಿಗೂ ಕಡಿಮೆ! ಪಾಶ್ಚಾತ್ಯ ಕಂಪನಿಗಳಲ್ಲಿ ಬೇರೆಬೇರೆಯವರ ಸ್ವತ್ತಾಗಿದ್ದ ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಕೂಡಿಸಲು ಸಾಧ್ಯವಾದದ್ದೂ ನಮ್ಮ ಅಂದಿನ ಶಾಸನದ ಫಲವೇ. ದಕ್ಷಿಣ ಆಫ್ರಿಕದ ಸರ್ಕಾರದ ಮೇಲೆ ದಾವೆ ಹೂಡಿದ್ದ 39 ಔಷಧ ಕಂಪನಿಗಳು ಅದೇ ಏಪ್ರಿಲಿನಲ್ಲಿ ಅದನ್ನು ಹಿಂತೆಗೆದುಕೊಂಡವು. 2003ರ ಜನವರಿ 28ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ಆಫ್ರಿಕ ಮತ್ತು ಕೆರಿಬಿಯನ್ ದೇಶಗಳ ರೋಗಿಗಳಿಗಾಗಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರು ವಿನಿಯೋಗಿಸುವ ಯೋಜನೆಯನ್ನು ಸಾರಿದಾಗ, ವೆಚ್ಚ ವರ್ಷಕ್ಕೆ 12,000 ಡಾಲರಿನಿಂದ 300ಕ್ಕೂ ಕೆಳಗೆ ಇಳಿದಿರುವುದನ್ನೇ ಅದಕ್ಕೆ ಆಧಾರವಾಗಿ ಹೇಳಿದರು. ಅದೇ ಬೊಕ್ಕಸವು ಫ್ಲಾರಿಡಾದ ರೋಗಿಗಾಗಿ ತೆರಬೇಕಾದದ್ದು ಮಾತ್ರ ಪೇಟೆಂಟಿನ ಬೆಲೆ. ಒಂದೇ ಖಾತೆದಾರ, ಒಂದೇ ರೋಗ, ಎರಡು ಬೆಲೆ.

5. ನಮ್ಮ ದೇಶದ ಉಚಿತ ಚಿಕಿತ್ಸೆ

ಭಾರತದಲ್ಲಿ ಈ ಸೋಂಕನ್ನು ಮೊದಲು ಪತ್ತೆಹಚ್ಚಿದವರು 1986ರಲ್ಲಿ ಚೆನ್ನೈಯ ಡಾ. ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ಡಾ. ನಿರ್ಮಲಾ. ಸರ್ಕಾರವು ಉಚಿತ ಔಷಧಿ ಕೊಡಲು ಆರಂಭಿಸಿದ್ದು ಅದಕ್ಕೆ ಹದಿನೆಂಟು ವರ್ಷಗಳ ಅನಂತರ, 2004ರ ಏಪ್ರಿಲ್ 1ರಂದು. ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡು, ಮಣಿಪುರ, ನಾಗಾಲ್ಯಾಂಡ್ ರಾಜ್ಯಗಳಲ್ಲೂ ದೆಹಲಿಯಲ್ಲೂ ಒಟ್ಟು ಎಂಟು ಆಸ್ಪತ್ರೆಗಳಿಂದ ಯೋಜನೆ ಹೊರಟಿತು. ಮುಂಬಯಿಯ ಜೆ. ಜೆ. ಆಸ್ಪತ್ರೆ ಅವುಗಳಲ್ಲಿ ಒಂದು. ಕಡಿಮೆ ಬೆಲೆಯೂ ಅದನ್ನು ತೆರುವ ಸರ್ಕಾರವೂ ಇಲ್ಲಿ ಮೊದಲ ಬಾರಿಗೆ ಒಂದುಗೂಡಿದವು. ಆದಾಯದ ಪುರಾವೆಯನ್ನು ಕೇಳದೆ ಔಷಧಿ ಕೊಟ್ಟದ್ದು ಈ ಯೋಜನೆಯ ದೊಡ್ಡ ಗುಣ. ಊರಿನ ಕೇಂದ್ರದಲ್ಲಿ ಹೆಸರು ನೋಂದಾಯಿಸಿದವನು ಕೆಲಸಕ್ಕೆಂದು ಮುಂಬಯಿ ಪುಣೆಗಳಿಗೆ ಬಂದರೆ ವರ್ಗಾವಣೆಯ ಪತ್ರದೊಡನೆ ಇಲ್ಲಿಯ ಕೇಂದ್ರದಲ್ಲಿ ಚಿಕಿತ್ಸೆಯನ್ನು ಮುಂದುವರಿಸಬಹುದು. ಹೊರನಾಡಿನಲ್ಲಿ ದುಡಿಯುವ ನಮ್ಮವರಿಗೆ ಇದರ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಹಾಗೆಂದು ಇಲ್ಲಿ ಸರದಿಯೇ ಇರಲಿಲ್ಲವೆನ್ನಲಾಗದು. ರಕ್ತದಲ್ಲಿಯ ರಕ್ಷಕ ಕಣಗಳ ಸಂಖ್ಯೆ ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ಔಷಧಿ ದೊರೆಯುತ್ತಿರಲಿಲ್ಲ. ವೈದ್ಯಶಾಸ್ತ್ರದ ಅಂದಿನ ಅಭಿಪ್ರಾಯ ಇದಕ್ಕೆ ಕಾರಣವಾಗಿದ್ದರೂ ಹಣದ ಮಿತಿಯೂ ಅದರ ಹಿಂದೆ ಇಲ್ಲದಿರಲಿಲ್ಲ. ಆ ಮಟ್ಟವನ್ನು ಹಂತಹಂತವಾಗಿ ಏರಿಸಿ, 2017ರಲ್ಲಿ ಸೋಂಕುಳ್ಳ ಎಲ್ಲರಿಗೂ ಔಷಧಿಯೆಂದು ತೀರ್ಮಾನಿಸಲಾಯಿತು. ಮೊದಲ ಔಷಧಿ ಫಲಿಸದವರಿಗೆ ಬೇಕಾದ ಎರಡನೆಯ ಹಂತದ ದುಬಾರಿ ಔಷಧಿಗಳು 2008ರಿಂದ ದೊರೆತರೂ ಆರಂಭದಲ್ಲಿ ಷರತ್ತುಗಳಿದ್ದವು; ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನೆ ಬಂದಾಗ 2010ರ ಕೊನೆಯಲ್ಲಿ ಸರ್ಕಾರ ಅವುಗಳನ್ನು ಕೈಬಿಡಲು ಒಪ್ಪಿತು. ಈ ನಡುವೆ 2005ರಿಂದ ನಮ್ಮ ಪೇಟೆಂಟ್ ಶಾಸನವೂ ಬದಲಾಗಿ, ಔಷಧಿಯೆಂಬ ವಸ್ತುವಿಗೇ ಏಕಸ್ವಾಮ್ಯ ದೊರೆಯುವಂತಾಯಿತು. ಮುಂದಿನ ಹೊಸ ಔಷಧಿಗಳ ಬೆಲೆ 2001ರ ದಾರಿಯಲ್ಲೇ ಇಳಿಯುವುದೆಂಬ ಭರವಸೆ ಈಗಿಲ್ಲ.

6. ಉಪಸಂಹಾರ

ಎಚ್.ಐ.ವಿ. ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಶಾಸನವನ್ನು ನಮ್ಮ ಸಂಸತ್ತು 2017ರಲ್ಲಿ ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಔಷಧಿ ಒದಗಿಸುವುದು ಸರ್ಕಾರಗಳ ಕ್ರಮಗಳಲ್ಲಿ ಸೇರಿರಬೇಕೆಂದು ಅದರ 14ನೆಯ ಕಲಮು ಹೇಳುತ್ತದೆ. ಆದರೆ ಆ ಕಲಮಿನಲ್ಲಿ, 'ಸಾಧ್ಯವಾದ ಮಟ್ಟಿಗೆ' ಎಂಬ ಅರ್ಥದ ಪುಟ್ಟ ಮಾತೊಂದು ಉಳಿದುಕೊಂಡಿದೆ. ಸಾಲಪತ್ರಗಳನ್ನು ಓದಿ ಅಭ್ಯಾಸವಾದ ಕಣ್ಣಿಗೆ ಇಂಥ ಮಾತುಗಳ ತೂಕ ತಟ್ಟನೆ ತಿಳಿಯುತ್ತದೆ. ಸಾಲವನ್ನು 'ಸಾಧ್ಯವಾದ ಮಟ್ಟಿಗೆ' ತೀರಿಸುತ್ತೇನೆಂದು ಬರೆದುಕೊಡುವವನಿಗೆ ಯಾವ ಬ್ಯಾಂಕು ಹಣ ಕೊಟ್ಟೀತು?

ಅದು ಬರಿಯ ಶಬ್ದದ ಚರ್ಚೆಯಲ್ಲವೆಂಬುದನ್ನು 2022ರ ಬೇಸಗೆಯ ಅನಂತರದ ದಿನಗಳು ತೋರಿಸಿದವು. ಔಷಧಿಗಳ ಖರೀದಿ ತಡವಾಗಿ ಹಲವು ಕಡೆ ಕೊರತೆಯಾದಾಗ, ರೋಗಿಗಳು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕುಳಿತರು. 2025ರ ಜನವರಿಯಲ್ಲಿ ಅಮೆರಿಕದ ಹೊಸ ಆಡಳಿತವು ವಿದೇಶೀ ನೆರವನ್ನೆಲ್ಲ ಒಮ್ಮೆಲೇ ತಡೆಹಿಡಿದಾಗ ಆಫ್ರಿಕದ ಅನೇಕ ಚಿಕಿತ್ಸಾಲಯಗಳ ಕೆಲಸಕ್ಕೆ ಭಂಗ ಬಂದಿತು. ಎರಡು ಕಡೆಯೂ ಔಷಧಿಯ ಜ್ಞಾನಕ್ಕೆ ಕೊರತೆಯಿರಲಿಲ್ಲ, ಕಾರ್ಖಾನೆಗಳಿಗೂ ಕೊರತೆಯಿರಲಿಲ್ಲ. ತಪ್ಪಿದ್ದು ಹಣವೂ ಖರೀದಿಯೂ ನಿಲ್ಲದೆ ನಡೆಯುವ ಏರ್ಪಾಟು.

ಈ ಇತಿಹಾಸದಿಂದ ತಿಳಿಯುವ ಮಾತು ಸರಳವಾದುದು. ಬೆಲೆ ಇಳಿಯಬೇಕು, ಅದನ್ನು ತೆರುವವರಿರಬೇಕು. ಈ ಎರಡೂ ಕೂಡಿದ ಮೇಲೂ ಆ ತೆರುವಿಕೆ ವರ್ಷದ ಮರ್ಜಿಗೆ ಒಳಪಡದಂತೆ ಇರಬೇಕು. ರೋಗಿಯ ಹೊಣೆ ಆಜೀವವಾಗಿರುವಾಗ ಅವನ ಆಧಾರ ಮಾರ್ಚ್ 31ಕ್ಕೆ ಮುಗಿಯುವಂಥದಾಗಬಾರದು. ಬಳ್ಳಿಗಾವೆಯ ದಾನಿಗಳಿಗೆ ವೈರಸ್ಸಿನ ವಿಷಯ ತಿಳಿದಿರಲಿಲ್ಲ, ವಿಮೆಯ ವಿಷಯವೂ ತಿಳಿದಿರಲಿಲ್ಲ. ಆದರೆ ರೋಗಿ ನಾಳೆಯೂ ಬರುತ್ತಾನೆ, ಮರುವರ್ಷವೂ ಬರುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಹಣ ಕೊಡುವಾಗ ಅದನ್ನು ನೆನೆದು ಕೊಟ್ಟರು.